ಕೆಳಗಿಟ್ಟ ಕೋಟು

ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ಬ್ರಿಟಾ ಹಳದಿ ಜಾಕೆಟ್ಟಿನೊಳಗೆ ಹೇಗೋ ತೂರಿಕೊಂಡಳು. ಕೊರಳ ಕೊಂಡಿ ಸಿಕ್ಕಿಸುವ ರಭಸಕ್ಕೆ ಅವಳ ಮೊಣಕೈ ಪಕ್ಕದಲ್ಲಿ ಬರೀ ಒಳಲಂಗದಲ್ಲಿ ನಿಂತಿದ್ದ ಹೆಂಗಸಿನ ಪಕ್ಕೆಗೆ ತಿವಿಯಿತು.

"ಅಯ್ಯೋ, ಸಾರಿ."

"ಇರ್ಲಿ ಬಿಡಿ," ಅಂದಳು ಆ ಹೆಂಗಸು, ತಾನೂ ಒಂದು ಪ್ಯಾಂಟಿನೊಳಗೆ ಇಳಿಯುತ್ತ. "ಬಣ್ಣ ನಿಮ್ಗೆ ಚೆನ್ನಾಗಿ ಒಪ್ಪುತ್ತೆ. ಬೇಡ ಅನ್ಸಿದ್ರೆ ಮಾತ್ರ ಕೆಳಗೆ ಹಾಕ್ಬೇಡಿ, ನನ್ ಕೈಗೇ ಕೊಡಿ."

ಮೂವತ್ತೆಂಟನೇ ಬೀದಿಯ ಹಳೇ ಕಟ್ಟಡದ ಎಂಟನೇ ಮಹಡಿಯಲ್ಲಿ ಆ ಶನಿವಾರ ಬೆಳಿಗ್ಗೆ ಇನ್ನೂರು ಹೆಂಗಸರು ಹೀಗೆ ಒಂದರೊಳಗೆ ಇಳಿಯುತ್ತ ಇನ್ನೊಂದರಿಂದ ಏಳುತ್ತ ಇದ್ದರು. ಸ್ಯಾಂಪಲ್ ಸೇಲ್ ಅಂದರೆ ಹಾಗೆಯೇ. ದೊಡ್ಡ ಹೆಸರಿನ ಉಡುಪಿನ ಕಂಪನಿಯವರು ಹೋದ ವರ್ಷದ ಮಾದರಿಗಳನ್ನೆಲ್ಲ ತಂದು, ಎರಡು ದಿನಕ್ಕೆ ಬಾಡಿಗೆ ಹಿಡಿದ ಖಾಲಿ ಹಜಾರದಲ್ಲಿ ಸುರಿಯುತ್ತಾರೆ. ಹಾಕಿ ನೋಡಲು ಮರೆಯಿಲ್ಲ. ಇದ್ದ ಒಂದೇ ಕನ್ನಡಿಯ ಮುಂದೆ ಹನ್ನೊಂದು ತಲೆ. ಬಟ್ಟೆಗೆ ಚೀಟಿಯೂ ಇಲ್ಲ. ಗೋಡೆಗೆ ತೂಗುಹಾಕಿದ ರಟ್ಟಿನ ಮೇಲೆ ಕೋಟಿಗೆ ಇಷ್ಟು, ಜಾಕೆಟ್ಟಿಗೆ ಇಷ್ಟು ಎಂದು ಬರೆದು, ಮಾರಿದ ಮಾಲು ವಾಪಸ್ಸಿಲ್ಲ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ಪಳಗಿದವರು ಮೈಗಂಟಿದ ಕಪ್ಪು ಉಡುಪೊಂದನ್ನೇ ತೊಟ್ಟು ಬರಿಗೈಯಲ್ಲಿ ಬರುತ್ತಾರೆ. ಬ್ರಿಟಾ ನ್ಯೂಯಾರ್ಕಿಗೆ ಬಂದು ಹತ್ತು ವಾರವಾಗಿತ್ತಷ್ಟೇ, ಇನ್ನೂ ಪಳಗಿರಲಿಲ್ಲ.

ಜಾಕೆಟ್ಟಿನ ಕೊರಳ ಸುತ್ತ, ಎರಡೂ ಮುಂಗೈಗಳ ಸುತ್ತ ಹಳದಿ ಪುಕ್ಕವಿತ್ತು. ಇಂಥದ್ದನ್ನು ತೊಟ್ಟವಳು ತನ್ನಂತೆ ಲಿಫ್ಟುಗಳ ತಪಾಸಣೆ ಪಟ್ಟಿ ತಯಾರಿಸುವ ಕಚೇರಿಯಲ್ಲಿ ಕೂತಿರಲು ಸಾಧ್ಯವೇ ಇಲ್ಲ ಎಂದು ಬ್ರಿಟಾಗೆ ಅನ್ನಿಸಿತು. ಅವಳು ಯಾರದೋ ಮನೆಯ ಮಹಡಿಯಲ್ಲಿ ಗ್ಲಾಸು ಹಿಡಿದು ನಗುತ್ತಿರುತ್ತಾಳೆ, ನಾಲ್ಕು ಜನ ಅವಳ ಮಾತಿಗೆ ಕಾಯುತ್ತಿರುತ್ತಾರೆ. ಆ ನಾಲ್ವರನ್ನು ನೋಡಿಕೊಂಡು ಬರೋಣವೆಂದು ಕನ್ನಡಿಯ ಕಡೆ ಹೊರಟವಳು ಒಮ್ಮೆ ಕಾಲ ಬಳಿ ನೋಡಿದಳು. ಅಲ್ಲಿ ಅವಳ ಮಫ್ಲರ್ ಇತ್ತು. ಕೋಟು ಇರಲಿಲ್ಲ.

ಆ ಕೋಟು ಅವಳದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೋಯಿತು, ಇನ್ನೊಂದು ಕೊಳ್ಳಲು ನೆಪ ಸಿಕ್ಕಿತು ಎಂದು ಖುಷಿಯೇ ಪಡುತ್ತಿದ್ದಳು. ಸರೋವರವೇ ಹೆಪ್ಪುಗಟ್ಟುವ ಡುಲೂತ್ ಊರಿನಿಂದ ನಾಲ್ಕು ಸೂಟ್‌ಕೇಸು ತುಂಬಿಕೊಂಡು ಬಂದವಳ ಬಳಿ ಏಳು ಕೋಟುಗಳಿದ್ದವು. ವಸಂತಕ್ಕೊಂದು, ತುಂತುರಿಗೊಂದು, ನಾಟಕಕ್ಕೆ ಹೋಗಲೊಂದು, ನಾಟಕದಿಂದ ಬರಲೊಂದು. ಚಳಿಗೆ ಹಾಕುವಂಥದ್ದು ಮಾತ್ರ ಒಂದೂ ಇರಲಿಲ್ಲ. ಮೊಣಕಾಲು ಮುಚ್ಚುವ ದಪ್ಪ ಕೋಟನ್ನು ಮ್ಯಾನ್‌ಹ್ಯಾಟನ್ನಿನಲ್ಲಿ ಯಾರಾದರೂ ಕಂಡರೆ ಏನೆಂದುಕೊಂಡಾರು ಎಂದು ಅದನ್ನು ತಂಗಿಗೆ ಕೊಟ್ಟು ಬಂದಿದ್ದಳು. ನವೆಂಬರ್ ಬಂದಾಗ ಹಲ್ಲು ಕಟಕಟಿಸುತ್ತ ನಡೆದಳು. ಅದನ್ನು ನೋಡಲಾರದೆ ಮನೆಯೊಡತಿ ಎಸ್ತರ್ ಝಕ್‌ಮನ್ ತನ್ನ ಹಸಿರು ಉಣ್ಣೆಯ ಕೋಟನ್ನು ತೆಗೆದುಕೊಟ್ಟಿದ್ದಳು.

ಎಸ್ತರಳಿಗೆ ಎಪ್ಪತ್ತೊಂಬತ್ತು. ಇದೇ ಬೀದಿಗಳಲ್ಲಿ ನಲವತ್ತೊಂದು ವರ್ಷ ಉಡುಪಿನ ಕಂಪನಿಗಳಿಗೆ ಕಾಗದದ ಮೇಲೆ ಅಳತೆ ಹಾಕಿ ಕತ್ತರಿಸಿಕೊಟ್ಟವಳು. ಅವಳು ಕತ್ತರಿಸಿದ್ದು ಊರೆಲ್ಲ ಓಡಾಡಿತು, ಕಾಲರಿನಲ್ಲಿ ಬೇರೆ ಬೇರೆಯವರ ಹೆಸರು ಹೊತ್ತು. ತನಗೆಂದು ಮಾಡಿಕೊಂಡದ್ದು ಆ ಹಸಿರು ಕೋಟು ಒಂದೇ, ಅದಕ್ಕೆ ಯಾರ ಹೆಸರಿನ ಪಟ್ಟಿಯೂ ಇರಲಿಲ್ಲ. ಕೊಡುವಾಗಲೇ ಅವಳು ಖಡಾಖಂಡಿತವಾಗಿ ಹೇಳಿದ್ದಳು: "ಆಫೀಸಿಗೆ ಹಾಕ್ಕೊ, ಔಷಧಿ ಅಂಗಡಿಗೆ ಹಾಕ್ಕೊ. ಬೇರೆ ಅಂಗಡಿ ಕಂಡ್ರೆ ಆ ಕಡೆ ಫುಟ್‌ಪಾತಿಗೆ ದಾಟು. ಇನ್ನೊಂದು ಚೀಲ ಈ ಹೊಸ್ತಿಲು ದಾಟಿದ್ರೆ ನೀನೂ ದಾಟ್ತೀಯ, ಆಚೆ ಕಡೆಗೆ."

ಬಚ್ಚಲಿಗೆ ಹೋಗಲು ಅಡ್ಡಡ್ಡ ನಡೆಯಬೇಕಾದಷ್ಟು ಬ್ರಿಟಾಳ ಡಬ್ಬಗಳು ಮನೆಯೊಳಗಿನ ಓಣಿಯಲ್ಲಿ ಪೇರಿಕೊಂಡಿದ್ದಾಗ ಎಸ್ತರ್ ಇನ್ನೇನು ಹೇಳಿಯಾಳು? ಕೋಣೆ ಹೋದರೆ ಬ್ರಿಟಾಗೆ ಇನ್ನೊಂದು ಕೋಣೆ ಸಿಗಬಹುದಿತ್ತು. ಆದರೆ ಸಂಜೆ ಬಾಗಿಲ ಸದ್ದಿಗೆ ಅಡುಗೆಮನೆಯಿಂದ "ಬಂದ್ಯಾ?" ಅನ್ನುವವರು ಈ ಎಂಬತ್ತು ಲಕ್ಷ ಜನರ ಊರಿನಲ್ಲಿ ಅವಳಿಗೆ ಆ ಒಬ್ಬಳೇ ಇದ್ದದ್ದು. ಆ ಬೆಳಿಗ್ಗೆ ಎಸ್ತರಳ ಕಣ್ಣಿನ ಹನಿ ತರಲೆಂದೇ ಹೊರಟಿದ್ದಳು. ದಾರಿಯಲ್ಲಿ ಯಾರೋ ಕೈಗೊಂದು ಗುಲಾಬಿ ಚೀಟಿ ತುರುಕಿದರು, ಅಷ್ಟೇ, ಕಾಲು ತಿರುಗಿತು.

ಈಗ ಅವಳು ನೆಲದ ಮೇಲೆ ಮಂಡಿಯೂರಿ ಕಂಡವರ ಕಾಲ ಸಂದಿಯಲ್ಲೆಲ್ಲ ಹುಡುಕಿದಳು. ಕೋಟುಗಳ ಸಾಲು ಜಾಲಾಡಿದಳು. ಕೊನೆಗೆ ಸಾಲನ್ನು ಸೀಳಿಕೊಂಡು ದುಡ್ಡು ಕಟ್ಟುವ ಮೇಜಿನ ಮುಂದೆ ಹೋಗಿ ನಿಂತಳು. ಅಲ್ಲಿ ಕನ್ನಡಕಕ್ಕೆ ಸರಪಳಿ ಹಾಕಿಕೊಂಡಿದ್ದ ಹೆಂಗಸು ತಲೆಯೆತ್ತಲಿಲ್ಲ.

"ಹಸಿರು ಕೋಟಾ? ಉದ್ದದ್ದು? ಒಳಗೆ ಕಿತ್ತಳೆ ರೇಷ್ಮೆ?"

"ಹೂಂ, ಅದೇ, ಅದೇ!"

"ಮಾರಾಟ ಆಯ್ತು. ಐದು ನಿಮಿಷ ಆಯ್ತು."

"ಅದು ಹೇಗ್ರೀ ಮಾರ್ತೀರಾ? ಅದು ನಾನು ಹಾಕ್ಕೊಂಡು ಬಂದಿದ್ದು!"

"ಕೈಯಲ್ಲಿತ್ತಾ?"

"ಕೆಳಗಿಟ್ಟಿದ್ದೆ. ಒಂದೇ ಒಂದು ನಿಮಿಷ..."

ಸಾಲಿನಲ್ಲಿದ್ದವರ ಗಲಾಟೆ ನಿಂತಿತು. "ಕೆಳಗಿಟ್ಟಿದ್ಲಂತೆ," ಎಂಬ ಮಾತು ಬಾಗಿಲ ತನಕ ಬಾಯಿಂದ ಬಾಯಿಗೆ ಹೋಯಿತು. ವಯಸ್ಸಾದ ಹೆಂಗಸೊಬ್ಬಳು ಮುಂದೆ ಬಂದು, ಸಾವಿನ ಮನೆಯಲ್ಲಿ ಮಾಡುವಂತೆ ಬ್ರಿಟಾಳ ಬೆನ್ನು ಸವರಿದಳು.

"ಕೈಯಲ್ಲಿದ್ರೆ ನಿಮ್ದು, ನೆಲದ್ ಮೇಲಿದ್ರೆ ನಮ್ದು, ದುಡ್ಡು ಕೊಟ್ರೆ ಅವಳ್ದು," ಅಂದಳು ಮೇಜಿನವಳು. "ಈಗ ಈ ಹಳದೀದು ತಗೋತೀರೋ, ಬಿಚ್ತೀರೋ?"

ಬಿಚ್ಚಲು ಹೋದರೆ ಕೊರಳ ಕೊಂಡಿಗೆ ಪುಕ್ಕ ಸಿಕ್ಕಿಕೊಂಡಿತ್ತು. ಹೊತ್ತು ಮೀರುತ್ತಿತ್ತು. ಬ್ರಿಟಾ ಪ್ಯಾಂಟಿನ ಜೇಬಿನಿಂದ ಕಾರ್ಡು ತೆಗೆದುಕೊಟ್ಟಳು. ಕೊಂಡಿ ಬಿಚ್ಚಲಾಗದೆ ಕೊಂಡದ್ದು ಎಂದು ಆಮೇಲೆ ಎಲ್ಲರಿಗೂ ಹೇಳಿದಳು. ಸುಳ್ಳು ಯಾಕೆ, ಚೂರು ಆಸೆಯೂ ಇತ್ತು. ರಸೀದಿ ಕೊಡುವಾಗ ಮೇಜಿನವಳಿಗೇ ಅಯ್ಯೋ ಅನ್ನಿಸಿರಬೇಕು, ಕೋಟು ಕೊಂಡವಳ ಗುರುತು ಹೇಳಿದಳು.

"ಗಟ್ಟಿಮುಟ್ಟಾದ ಹೆಂಗಸು. ನೀಲಿ ಯೂನಿಫಾರಂ ಪ್ಯಾಂಟು. ಕೋಟು ಹಾಕ್ಕೊಂಡೇ ಹೋದ್ಲು. ಡ್ಯೂಟಿಗೆ ಹೊತ್ತಾಯ್ತು, ಒಂಬತ್ತನೇ ಅವೆನ್ಯೂಗೆ ಹೋಗ್ಬೇಕು ಅಂತಿದ್ಲು."

ಬ್ರಿಟಾ ಬಾಗಿಲಲ್ಲಿ ಒಪ್ಪಿಸಿದ್ದ ಕೈಚೀಲ ಬಿಡಿಸಿಕೊಂಡು ಬೀದಿಗಿಳಿದು ಓಡಿದಳು. ಪುಕ್ಕಕ್ಕೂ ಚಳಿಗೂ ಏನೇನೂ ಸಂಬಂಧವಿಲ್ಲವೆಂದು ಮೊದಲ ಮೂಲೆಯಲ್ಲೇ ತಿಳಿಯಿತು. ಒಂಬತ್ತನೇ ಅವೆನ್ಯೂ ತಲುಪುವಾಗ ಅಂಗಡಿಯೊಂದರ ಗಾಜಿನ ಹಿಂದೆ ವೈನ್ ಬಣ್ಣದ ಉದ್ದ ಬೂಟುಗಳು ಅರ್ಧ ಬೆಲೆಗೆ ನಿಂತಿದ್ದವು. ಇಂಥ ಹೊತ್ತಿನಲ್ಲೂ ಅವಳು ನಿಂತಳು. ಏಳು ಸೆಕೆಂಡು, ಹೆಚ್ಚಿಲ್ಲ. ಗಾಜಿನಲ್ಲಿ ತನ್ನ ಹಿಂದೆ ಹಸಿರು ಬಣ್ಣವೊಂದು ರಸ್ತೆ ದಾಟುವುದು ಕಂಡಿತು. ತಿರುಗಿದರೆ ಎಸ್ತರಳ ಕೋಟು ಬಸ್ಸು ಹತ್ತುತ್ತಿತ್ತು.

"ತಡೀರಿ! ತಡೀರಿ!"

ಬಾಗಿಲು ಮುಚ್ಚುವುದರೊಳಗೆ ಅವಳೂ ಹತ್ತಿಬಿಟ್ಟಳು. ಸೀಟುಗಳ ಮೇಲೆಲ್ಲ ಕಣ್ಣಾಡಿಸಿದಳು. ಕಪ್ಪು ಕೋಟು, ಕಂದು ಕೋಟು, ನಾಯಿಮರಿಯ ಕೋಟು ಕೂಡ ಒಂದಿತ್ತು, ಹಸಿರು ಇರಲಿಲ್ಲ. ಆಮೇಲೆ ಎಡಕ್ಕೆ ತಿರುಗಿದಳು. ಪಾಳಿ ಮುಗಿದ ಚಾಲಕ ತನ್ನ ಊಟದ ಡಬ್ಬಿ ಎತ್ತಿಕೊಂಡು ಇಳಿಯುತ್ತಿದ್ದ. ಅವನ ಜಾಗದಲ್ಲಿ ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಪಡಿಸುತ್ತ, ಹಸಿರು ಕೋಟು ಕೂತಿತ್ತು.

"ಅಮ್ಮಾ, ನೀವು ಹಾಕಿರೋ ಕೋಟು ನನ್ನದು!"

ಚಾಲಕಿಯ ಎದೆಯ ಬಿಲ್ಲೆಯ ಮೇಲೆ ಯೊಮಾರಾ ಪೆನ್ಯಾ ಎಂದಿತ್ತು. ಆಕೆ ಕನ್ನಡಿಯಲ್ಲಿ ಹಳದಿ ಪುಕ್ಕವನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದ್ಲು ಕಾರ್ಡು ಒತ್ತು. ಆಮೇಲೆ ಗೆರೆ ಹಿಂದೆ ನಿಂತ್ಕೊ. ಬಸ್ಸು ಓಡುವಾಗ ನನ್ ಹತ್ರ ಮಾತಾಡೋ ಹಾಗಿಲ್ಲ, ಓದು ಅಲ್ಲಿ."

ಹಾಗಾಗಿ ಮಾತೆಲ್ಲ ಕೆಂಪು ದೀಪಗಳಲ್ಲೇ ನಡೆಯಿತು. ಮೊದಲ ಕೆಂಪು ದೀಪದಲ್ಲಿ ಯೊಮಾರಾ, "ನೆಲದ ಮೇಲಿತ್ತು, ಎತ್ಕೊಂಡೆ, ದುಡ್ಡು ಕೊಟ್ಟೆ, ರಸೀದಿ ಇದೆ," ಅಂದಳು. ಬ್ರಿಟಾ, "ಅದು ನಮ್ಮನೆ ಅಜ್ಜೀದು, ಅವ್ರೇ ಕೈಯಾರೆ ಮಾಡಿದ್ದು," ಅಂದಳು.

"ಆಹಾ! ಈ ಊರಲ್ಲಿ ಎಲ್ಲದಕ್ಕೂ ಒಬ್ಬಳು ಅಜ್ಜಿ ಇರ್ತಾಳೆ. ನನ್ ಬಸ್ಸಲ್ಲಿ ಖಾಲಿ ಸೀಟಿಗೂ ಇರ್ತಾಳೆ," ಎಂದು ಯೊಮಾರಾ ಹಸಿರು ದೀಪಕ್ಕೆ ಹೊರಟಳು.

ಎರಡನೇ ದೀಪದಲ್ಲಿ ಬ್ರಿಟಾ ಕೊನೆಯ ಅಸ್ತ್ರ ತೆಗೆದಳು. "ಎಡಗಡೆ ಜೇಬು ನೋಡಿ. ಪೆಪ್ಪರ್‌ಮೆಂಟ್ ಇದೆ, ಒಂದು ಚೀಟಿ ಇದೆ. ಚೀಟೀಲಿ ನನ್ನ ಹೆಸರಿದೆ."

ಯೊಮಾರಾ ಜೇಬಿಗೆ ಕೈ ಹಾಕಿದಳು. ಮೂರು ಪೆಪ್ಪರ್‌ಮೆಂಟ್ ಬಂತು. ಚೀಟಿಯೂ ಬಂತು. ಬಸ್ಸೆಲ್ಲ ಕೇಳುವಂತೆ ಓದಿದಳು: "ಕಣ್ಣಿನ ಹನಿ, ಚಿಕ್ಕ ಬಾಟಲು. ಬೇರೇನೂ ಬೇಡ. ಬೇರೇನೂ ಬೇಡ ಬ್ರಿಟಾ. ಎಸ್ತರ್."

ಬಸ್ಸು ಗೊಳ್ಳೆಂದು ನಕ್ಕಿತು. ಹಿಂದಿನ ಕಾರು ಹಾರನ್ ಹೊಡೆಯಿತು.

"ಪೆಪ್ಪರ್‌ಮೆಂಟ್ ನಿಂದೇ, ತಗೊ. ಚೀಟೀನೂ ತಗೊ," ಅಂದಳು ಯೊಮಾರಾ. "ಕೋಟು ನಂದು."

"ಇದು ಅನ್ಯಾಯ ಕಣಮ್ಮಾ," ಎಂದು ಮುಂದಿನ ಸೀಟಿನಿಂದ ಟೋಪಿಯ ಮುದುಕನೊಬ್ಬ ಕೋಲು ಕುಟ್ಟಿದ. "ಗುರುತು ಹೇಳಿದ್ಮೇಲೆ ಕೊಟ್ಬಿಡ್ಬೇಕು."

"ಯಾಕ್ರೀ ಕೊಡ್ಬೇಕು?" ಎಂದು ನರ್ಸೊಬ್ಬಳು ಕಾಫಿ ಲೋಟದ ಮೇಲಿಂದ ಜಗಳಕ್ಕೆ ನಿಂತಳು. "ಸ್ಯಾಂಪಲ್ ಸೇಲಲ್ಲಿ ಕೋಟನ್ನ ಕೆಳಗಿಡೋರು ಯಾರ್ರೀ? ನಮ್ಮಮ್ಮ ಅಲ್ಲಿ ನನ್ನನ್ನೇ ಕೆಳಗೆ ಇಳಿಸ್ತಿರ್ಲಿಲ್ಲ."

ಬಸ್ಸು ಎರಡು ಪಕ್ಷವಾಯಿತು. ವಾದದ ಬಿಸಿಯಲ್ಲಿ ಮುದುಕ ಇಳಿಯುವ ಜಾಗ ಮರೆತು ಮೂರು ನಿಲ್ದಾಣ ಮುಂದೆ ಹೋದ. ಇಪ್ಪತ್ಮೂರನೇ ಬೀದಿಯ ಉದ್ದ ಕೆಂಪು ದೀಪದಲ್ಲಿ ಯೊಮಾರಾ ಸೀಟಿನಲ್ಲೇ ಹಿಂದಕ್ಕೆ ತಿರುಗಿದಳು.

"ನೋಡು ಹುಡುಗಿ. ಹತ್ತೊಂಬತ್ತು ವರ್ಷದಿಂದ ಈ ಚಕ್ರ ತಿರುಗಿಸ್ತಿದೀನಿ. ಯಾವ್ ಕೋಟು ಹಾಕಿದ್ರೂ ತಿರುವಿನಲ್ಲಿ ಬೆನ್ನು ಹಿಡ್ಕೊಳುತ್ತೆ, ಕಂಕುಳು ಕುಯ್ಯುತ್ತೆ. ಹಾಕ್ದೇ ಇದ್ರೆ ಬಾಗಿಲು ತೆಗ್ದಾಗೆಲ್ಲ ನದಿ ಗಾಳಿ ನೇರ ನನ್ ಮೇಲೇನೇ. ಇದು ಹಾಕ್ಕೊಂಡು ಬಸ್ಸನ್ನ ಫುಟ್‌ಪಾತಿನ ಅಂಚಿಂದ ಈಚೆಗೆ ತಿರುಗಿಸ್ದೆ ನೋಡು, ಮೈಮೇಲೆ ಕೋಟಿದೆ ಅಂತಾನೇ ಗೊತ್ತಾಗ್ಲಿಲ್ಲ. ಇದನ್ನ ನಾನು ಯಾರ್ ಕೇಳಿದ್ರೂ ಕೊಡಲ್ಲ."

ಬ್ರಿಟಾಳ ಕಣ್ಣಲ್ಲಿ ನೀರು ತುಂಬಿತು. ಕೋಟಿಲ್ಲದೆ ಮನೆಗೆ ಹೋದರೆ ಅವಳನ್ನು ಬಂದ್ಯಾ ಎಂದು ಕೇಳುವವರಿರುವುದಿಲ್ಲ. ಅದನ್ನೂ ಹೇಳಿದಳು, ಗೆರೆಯ ಹಿಂದೆ ನಿಂತೇ. ನರ್ಸು ಕರವಸ್ತ್ರ ಕೊಟ್ಟಳು.

"ಅಳ್ಬೇಡ, ಪುಕ್ಕ ಒದ್ದೆಯಾಗುತ್ತೆ," ಅಂದಳು ಯೊಮಾರಾ, ಸ್ವಲ್ಪ ಮೆತ್ತಗಾಗಿ. "ಏಳಕ್ಕೆ ನನ್ ಡ್ಯೂಟಿ ಮುಗಿಯುತ್ತೆ. ಆ ಅಜ್ಜಿ ನಿಜವಾಗ್ಲೂ ಇದ್ರೆ ತೋರ್ಸು, ಬರ್ತೀನಿ. ಇಂಥಾ ಕೋಟು ಮಾಡಿದ್ ಕೈ ಹೇಗಿರುತ್ತೆ ಅಂತ ನೋಡ್ಬೇಕು. ಉಳಿದ ಮಾತು ಆಮೇಲೆ."

"ಏಳರ ತನಕ ನಾನೇನ್ ಮಾಡ್ಲಿ?"

"ಬಸ್ಸಲ್ಲಿ ಜಾಗ ಇದೆಯಲ್ಲ."

ಹೀಗೆ ಬ್ರಿಟಾ ಕೋಟಿಗೆ ಕಾವಲು ಕೂತಳು. ಬಸ್ಸು ಒಂಬತ್ತನೇ ಅವೆನ್ಯೂವಿನಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ, ಹತ್ತನೆಯದರಲ್ಲಿ ಉತ್ತರಕ್ಕೆ ಏರುತ್ತದೆ, ಹಾರ್ಲೆಮ್ಮಿನ ತನಕ ಹೋಗಿ ಮತ್ತೆ ಕೊಲಂಬಸ್ ಅವೆನ್ಯೂ ಹಿಡಿದು ಕೆಳಗೆ ಬರುತ್ತದೆ. ನಡುವೆ ಎಷ್ಟು ಅಂಗಡಿ ಅಂತೀರಿ! ಟೋಪಿಯ ಅಂಗಡಿ, ಬರೀ ಬೆಲ್ಟಿನ ಅಂಗಡಿ, ಕೈಗವಸಿಗೇ ಎರಡು ಮಹಡಿಯ ಅಂಗಡಿ. ಬಸ್ಸು ಎಲ್ಲದರ ಮುಂದೂ ನಿಂತು ಬಾಗಿಲು ತೆರೆಯುತ್ತಿತ್ತು, ಬ್ರಿಟಾಳ ಕಾಲು ತಾನಾಗಿ ಏಳುತ್ತಿತ್ತು, ಚಾಲಕಿಯ ಸೀಟಿನ ಕಡೆ ನೋಡಿ ಕೂರುತ್ತಿತ್ತು. ನಡುವೆ ಒಬ್ಬಳು ಹತ್ತಿ ಜಾಕೆಟ್ಟು ಎಲ್ಲಿಯದೆಂದು ಕೇಳಿದಳು. ಬ್ರಿಟಾ ವಿಳಾಸ, ಮಹಡಿ, ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಎಲ್ಲ ವಿವರಿಸಿದಳು. ಮುಂದಿನ ನಿಲ್ದಾಣದಲ್ಲಿ ಮೂವರು ಹೆಂಗಸರು ಧಡಬಡನೆ ಇಳಿದು ಹೋದರು. "ಕೈಯಲ್ಲೇ ಹಿಡ್ಕೊಂಡಿರಿ!" ಎಂದು ಬಸ್ಸು ಅವರಿಗೆ ಕೂಗಿ ಹೇಳಿತು.

ಮೇಲಿನ ಕೊನೆಯಲ್ಲಿ, ನದಿಯ ಪಕ್ಕ, ಬಸ್ಸಿಗೆ ವಿಶ್ರಾಂತಿ. ಯೊಮಾರಾ ಡಬ್ಬಿ ಬಿಚ್ಚಿದಳು. ಅನ್ನ, ಕೆಂಪು ರಾಜ್ಮಾ, ಹುರಿದ ಬಾಳೆ. ಅರ್ಧ ಮುಚ್ಚಳಕ್ಕೆ ಹಾಕಿ ಬ್ರಿಟಾಗೆ ಕೊಟ್ಟಳು.

"ಅಷ್ಟೊಂದು ಯಾಕೆ ಕೊಂಡ್ಕೋತೀಯ?"

ಬ್ರಿಟಾ ಬಾಳೆಹಣ್ಣು ಅಗಿಯುತ್ತ ಯೋಚಿಸಿದಳು. ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ, ಬೈದಿದ್ದರು ಅಷ್ಟೇ. "ಹೊಸದು ಹಾಕ್ಕೊಂಡಾಗ ಇನ್ಮೇಲೆ ನಾನು ಇವಳೇ ಅನ್ಸುತ್ತೆ. ಎಲ್ರೂ ಮಾತಾಡಿಸೋ ಅಂಥವಳು. ಮನೆಗೆ ಹೋಗಿ ಬಿಚ್ಚಿದ್ರೆ ಮತ್ತೆ ನಾನೇ ಇರ್ತೀನಿ."

"ನೀನೇನು ಅಷ್ಟೊಂದು ಕೆಟ್ಟಿದೀಯಾ?" ಎಂದು ಯೊಮಾರಾ ಜೋರಾಗಿ ನಕ್ಕಳು. "ಬೆಳಿಗ್ಗೆಯಿಂದ ನನ್ ಬಸ್ಸಲ್ಲಿ ನಿನ್ನ ಮಾತಾಡ್ಸದೇ ಇಳಿದೋರು ಯಾರು, ಹೇಳು?"

ಕೆಳಗಿನ ಕೊನೆಯಲ್ಲಿ ಔಷಧಿ ಅಂಗಡಿಯೊಂದು ಎದುರಿಗೇ ಇತ್ತು. "ಹೋಗು, ಹನಿ ತಗೊಂಡ್ ಬಾ," ಅಂದಳು ಯೊಮಾರಾ. "ಹನ್ನೆರಡು ನಿಮಿಷ ಇದೆ. ಬರ್ದಿದ್ರೆ ಹೊರಟೆ." ಔಷಧಿ ಅಂಗಡಿ ಅಂದರೆ ಬರೀ ಔಷಧಿಯೇ? ತುಟಿಬಣ್ಣದ ಸಾಲು ದಾಟಬೇಕು, ಸುವಾಸನೆಯ ಮೇಣದಬತ್ತಿ ದಾಟಬೇಕು, ಒಂದು ಕೊಂಡರೆ ಒಂದು ಪುಕ್ಕಟೆ ಎಂಬ ಕಾಲುಚೀಲದ ಬುಟ್ಟಿ ದಾಟಬೇಕು. ಬ್ರಿಟಾ ನಾಲ್ಕೇ ನಿಮಿಷಕ್ಕೆ ವಾಪಸು ಬಂದಳು. ಯೊಮಾರಾ ಪೊಟ್ಟಣ ಬಿಚ್ಚಿ ನೋಡಿದಳು.

"ಇಷ್ಟೇನಾ?"

"ಇಷ್ಟೇ," ಅಂದಳು ಬ್ರಿಟಾ. ನಂಬಿಕೆ ಬರದೆ ತಾನೂ ಒಮ್ಮೆ ಇಣುಕಿದಳು.

ಎರಡನೇ ಸುತ್ತಿನಲ್ಲಿ ಮೂವತ್ತೆಂಟನೇ ಬೀದಿ ದಾಟುವಾಗ ನೋಡಿದರೆ ವೈನ್ ಬಣ್ಣದ ಬೂಟು ಯಾರೋ ಕೊಂಡುಹೋಗಿದ್ದರು. ಅವಳಿಗೆ ಅಳು ಬರಬೇಕಿತ್ತು, ಹಸಿವಾಯಿತು.

ಏಳೂವರೆಗೆ ಇಬ್ಬರೂ ಇಪ್ಪತ್ತಾರನೇ ಬೀದಿಯ ಇಟ್ಟಿಗೆ ಕಟ್ಟಡದ ಲಿಫ್ಟಿನಲ್ಲಿ ಅಕ್ಕಪಕ್ಕ ನಿಂತಿದ್ದರು. ಬ್ರಿಟಾ ಹನ್ನೊಂದು ಮಹಡಿಯೂ ಬಾಯಲ್ಲೇ ಮಾತು ಜೋಡಿಸಿಕೊಂಡಳು. ಬಾಗಿಲು ತೆರೆಯುತ್ತಲೇ ಎಲ್ಲ ಮರೆತುಹೋಯಿತು.

"ಬಂದ್ಯಾ?" ಎಂದು ಎಸ್ತರ್ ಒಳಗಿನಿಂದ ಕೂಗಿದಳು. "ಕಣ್ಣಿನ ಹನಿಗೆ ಇಡೀ ದಿನ ಬೇಕಾಯ್ತಾ? ನಾನು ಪೊಲೀಸಿಗೆ ಫೋನ್ ಮಾಡ್ಬೇಕಾ ಸೂಪ್ ಮಾಡ್ಬೇಕಾ ಗೊತ್ತಾಗದೆ ಸೂಪ್ ಮಾಡ್ದೆ."

ಸೌಟು ಹಿಡಿದುಕೊಂಡೇ ಹೊರಗೆ ಬಂದ ಎಸ್ತರ್ ಮೊದಲು ಪುಕ್ಕ ನೋಡಿದಳು. ಆಮೇಲೆ ಅದರ ಹಿಂದೆ ನಿಂತಿದ್ದ ಕೋಟು ನೋಡಿದಳು. ಬ್ರಿಟಾ ಒಂದೇ ಉಸಿರಿಗೆ ಒಪ್ಪಿಸಿದಳು: ಗುಲಾಬಿ ಚೀಟಿ, ಸೇಲು, ಕೆಳಗಿಟ್ಟದ್ದು, ಮಾರಿದ್ದು, ಬಸ್ಸು. ಯಾವುದನ್ನೂ ಬಿಡಲಿಲ್ಲ, ಬೂಟಿನ ಏಳು ಸೆಕೆಂಡನ್ನೂ ಬಿಡಲಿಲ್ಲ. ಎಸ್ತರ್ ಸೌಟನ್ನು ಮೇಜಿನ ಮೇಲಿಟ್ಟಳು.

"ಎಷ್ಟಕ್ಕೆ?" ಅಂದಳು.

"ಏನು?"

"ನನ್ ಕೋಟು. ಎಷ್ಟಕ್ಕೆ ಮಾರಿದ್ರು?"

"ತೊಂಬತ್ತು," ಅಂದಳು ಯೊಮಾರಾ.

ಎಸ್ತರ್ ಕುರ್ಚಿ ಹುಡುಕಿಕೊಂಡು ಕೂತಳು. "ತೊಂಬತ್ತು," ಅಂದಳು ಮೆಲ್ಲಗೆ. ಆಮೇಲೆ ಮೆಲ್ಲಗೆ ಅನ್ನಲಿಲ್ಲ. "ತೊಂಬತ್ತು ಡಾಲರಾ! ಆ ಕಾಲರಿಗೆ ನಾನು ಆರು ದಿನ ತಗೊಂಡಿದೀನಿ! ಆ ಗುಂಡಿಯ ಕಾಜಾಗಳು ಕೈಯಲ್ಲಿ ಹೊಲಿದಿದ್ದು! ಯಾವ್ ಕತ್ತೆ ಅದಕ್ಕೆ ತೊಂಬತ್ತು ಹಾಕಿದ್ದು? ನಡಿ, ಈಗ್ಲೇ ನಡಿ, ನಂಗೆ ಅವರ ಮುಖ ನೋಡ್ಬೇಕು. ಕಳೆದ್ಹೋಯ್ತು ಅಂದಿದ್ರೆ ಸುಮ್ನಿರ್ತಿದ್ದೆ ಬ್ರಿಟಾ. ತೊಂಬತ್ತಕ್ಕೆ ಹೋಯ್ತು ಅಂತ ಯಾವ್ ಬಾಯಲ್ಲಿ ಹೇಳ್ತೀಯೇ?"

"ಅಮ್ಮಾ," ಎಂದು ಯೊಮಾರಾ ನಡುವೆ ಬಂದಳು. ಎರಡು ಕೈಯನ್ನೂ ಮುಂದೆ ಚಾಚಿ, ಇಲ್ಲದ ಚಕ್ರವೊಂದನ್ನು ಹಿಡಿದಿದ್ದಳು. "ಈ ಕಂಕುಳ ಹತ್ರ ಕತ್ತರಿಸಿದ್ದು ನೀವೇನಾ?"

ಎಸ್ತರಳ ಬಾಯಿ ತೆರೆದೇ ಉಳಿಯಿತು. "ಯಾಕೆ?"

"ಇದನ್ನ ನಾನು ಹತ್ತೊಂಬತ್ತು ವರ್ಷದಿಂದ ಹುಡುಕ್ತಿದ್ದೆ."

"ಕೂತ್ಕೊ," ಅಂದಳು ಎಸ್ತರ್. ತಾನು ಎದ್ದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಸೂಪಿನ ಪಾತ್ರೆಯ ಮುಚ್ಚಳವನ್ನು ಕೈಗೆ ಕೊಟ್ಟಳು. "ಓಡಿಸು."

ಯೊಮಾರಾ ಓಡಿಸಿದಳು. ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು, ಯಾರೋ ಅಡ್ಡ ಬಂದರೆಂದು ಗಕ್ಕನೆ ನಿಲ್ಲಿಸಿ ಸ್ಪ್ಯಾನಿಷಿನಲ್ಲಿ ಬೈದಳು. ಎಸ್ತರ್ ಅವಳ ಸುತ್ತ ಸುತ್ತಿದಳು, ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು, ತೋಳಿನ ಕೆಳಗೆ ಕೈಯಿಟ್ಟು ಬಟ್ಟೆ ಎಳೆಯುವುದೇ ಎಂದು ನೋಡಿದಳು. ಎಳೆಯುತ್ತಿರಲಿಲ್ಲ. ನಲವತ್ತೊಂದು ವರ್ಷದಲ್ಲಿ ಅವಳು ಕತ್ತರಿಸಿದ್ದನ್ನು ತೊಟ್ಟವರು ಯಾರೂ ಹನ್ನೊಂದು ಮಹಡಿ ಹತ್ತಿ ಬಂದು ಇದು ನಿಮ್ಮ ಕೈಯದೇ ಎಂದು ಕೇಳಿರಲಿಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಮುಚ್ಚಿಕೊಳ್ಳಲು ಮತ್ತೆ ಬೈಯಬೇಕಾಯಿತು.

"ಅಂಚು ಒಂದು ಇಂಚು ಕಡಿಮೆ ಮಾಡ್ಬೇಕು, ಪೆಡಲಿಗೆ ಸಿಕ್ಕೊಳುತ್ತೆ. ಬುಧವಾರ ತಂದ್ಕೊಡು. ಇಟ್ಕೊ ನೀನೇ. ನಾನು ಕುಗ್ಗಿದೀನಿ, ಕೋಟು ಕುಗ್ಗಿಲ್ಲ, ನನ್ ಮೇಲೆ ಅದು ಈಗ ಡೇರೆ. ಆದ್ರೆ ಯಾರಾದ್ರೂ ಕೇಳಿದ್ರೆ ತೊಂಬತ್ತು ಅಂದೀಯಾ ಜೋಕೆ. ಒಂಬೈನೂರು ಅನ್ನು."

"ಸಾವಿರ ಅಂತೀನಿ," ಅಂದಳು ಯೊಮಾರಾ, ಇನ್ನೂ ಮುಚ್ಚಳ ತಿರುಗಿಸುತ್ತ.

ಬ್ರಿಟಾ ಮೆಲ್ಲನೆ ಓಣಿಯ ಡಬ್ಬಗಳ ನಡುವೆ ಅಡ್ಡಡ್ಡ ಹೊರಟಳು.

"ಎಲ್ಲಿಗೆ?"

"ಪ್ಯಾಕ್ ಮಾಡೋಕೆ. ಇನ್ನೊಂದು ಚೀಲ ಹೊಸ್ತಿಲು ದಾಟಿದ್ರೆ ಅಂದಿದ್ರಲ್ಲ."

"ಚೀಲ ತಂದಿದೀಯಾ?"

"ಇಲ್ಲ. ಹಾಕ್ಕೊಂಡೇ ಬಂದೆ."

"ಹಂಗಾದ್ರೆ ದಾಟಿದ್ದು ಕೋಳಿ, ಚೀಲ ಅಲ್ಲ. ಬಿಚ್ಚು ಅದನ್ನ. ಬಾ ಇಲ್ಲಿ, ದೀಪದ ಕೆಳಗೆ."

ಕೊಂಡಿ ಬಿಡಿಸಲು ಯೊಮಾರಾಳ ಕೈಯೂ ಬೇಕಾಯಿತು. ಪುಕ್ಕ ಸೂಪಿನ ತನಕ ಹಾರಿತು. ತೆಳುವಾದ ಅಂಗಿಯಲ್ಲಿ ನಿಂತ ಬ್ರಿಟಾಳನ್ನು ಎಸ್ತರ್ ಕಣ್ಣು ಕಿರಿದುಮಾಡಿ ನೋಡಿದಳು. ಕಣ್ಣಿಗೆ ಹನಿ ಹಾಕಿಕೊಂಡು, ರೆಪ್ಪೆ ಬಡಿದು, ಮತ್ತೆ ನೋಡಿದಳು. ಅಡುಗೆಮನೆಯ ಗೂಡಿನಿಂದ ಅಳತೆಪಟ್ಟಿ ತೆಗೆದಳು.

"ನೆಟ್ಟಗೆ ನಿಂತ್ಕೊ. ಕೈ ಚಾಚು. ಯಾವಾಗ್ಲಾದ್ರೂ ಯಾರಾದ್ರೂ ನಿನ್ನ ಅಳತೆ ತಗೊಂಡಿದಾರಾ?"

"ಇಲ್ಲ. ಅಂಗಡೀಲಿ ಹತ್ತು ನಂಬರಿನ ಸೈಜು ಕೊಡಿ ಅಂತೀನಿ."

"ಹತ್ತಂತೆ! ನೀನು ಹತ್ತೂ ಅಲ್ಲ, ಎಂಟೂ ಅಲ್ಲ. ಎಡಭುಜ ಅರ್ಧ ಇಂಚು ಕೆಳಗಿದೆ, ಗೊತ್ತಾ ನಿಂಗೆ? ಅಷ್ಟು ಬಟ್ಟೆ ಕೊಂಡ್ಯಲ್ಲ, ಒಂದಾದ್ರೂ ಹೇಳ್ಳಿಲ್ವಾ?" ಪಟ್ಟಿ ಕೊರಳ ಸುತ್ತ ಬಂತು, ಬೆನ್ನಿನಿಂದ ಇಳಿಯಿತು, ತೋಳಿನ ಉದ್ದಕ್ಕೂ ಹರಿಯಿತು. ಎಸ್ತರ್ ಹೇಳುತ್ತ ಹೋದಳು, ಯೊಮಾರಾ ಬಸ್ಸಿನ ವೇಳಾಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡಳು. "ಕೋಟಿನ ಬಟ್ಟೆ ನಾನೇ ತರ್ತೀನಿ, ನೀನು ಅಂಗಡಿಗೆ ಬರ್ಕೂಡ್ದು. ಮುಗಿಯೋದು ಫೆಬ್ರವರಿಗೆ. ಮೂರು ಸಲ ಹಾಕಿ ನೋಡ್ಬೇಕು. ಅಲ್ಲೀ ತನಕ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ಸೂಪಿನ ಬಟ್ಟಲುಗಳನ್ನು ಸರಿಸಿ ಎಸ್ತರ್ ಮೇಜಿನ ಮೇಲೆ ಕಂದು ಕಾಗದದ ಸುರುಳಿ ಬಿಚ್ಚಿದಳು. ಸುತ್ತಿಕೊಳ್ಳುತ್ತಿದ್ದ ಅದರ ಅಂಚುಗಳ ಮೇಲೆ ಯೊಮಾರಾ ಅವೇ ಬಟ್ಟಲುಗಳನ್ನು ಒಂದೊಂದಾಗಿ ಇಟ್ಟಳು. ಪೆನ್ಸಿಲ್ಲು ಬಲಭುಜದ ಗೆರೆ ಎಳೆಯಿತು, ಕೊರಳ ಬಳಿ ಒಂದು ಸುತ್ತು ತಿರುಗಿತು, ಎಡಕ್ಕೆ ಬರುವಾಗ ಅರ್ಧ ಇಂಚು ಕೆಳಗಿಳಿಯಿತು. ಅಳತೆ ಆಗಲೇ ಮುಗಿದಿತ್ತು. ಬ್ರಿಟಾ ಮಾತ್ರ ದೀಪದ ಕೆಳಗೆ ಇನ್ನೂ ಎರಡೂ ಕೈ ಚಾಚಿಕೊಂಡೇ ನಿಂತಿದ್ದಳು.